ಬಲಗಾಲಿನ ಗೇರು

ನೀಲವೇಣಿಯ ಕೈ ಮುರಿದದ್ದು ಗಾಡಿಯಿಂದಲ್ಲ,
ಡೈರಿಯ ಮೆಟ್ಟಿಲಲ್ಲಿ ಹಾಲು ಚೆಲ್ಲಿತ್ತು, ಜಾರಿದಳು.
ಗಾಡಿ ಮಾತ್ರ ನಮ್ಮ ಕೊಟ್ಟಿಗೆಗೆ ಬಂತು,
ಕೋಸಿನ ಚೀಲಗಳ ಪಕ್ಕ ಒಂದು ಕಡೆ ವಾಲಿಕೊಂಡು ನಿಂತಿತು.
'ದಿನಾ ಒಂದ್ಸಲ ಸ್ಟಾರ್ಟ್ ಮಾಡು ಮಾವ,
ಬ್ಯಾಟರಿ ಸತ್ತೋಯ್ತದೆ' ಅಂದಳು.
ಓಡಿಸು ಅನ್ನಲಿಲ್ಲ.

ಹದಿನೇಳು ವರ್ಷ.
ಅದಕ್ಕೂ ಮೊದಲು ತಾಳವಾಡಿ ಸುತ್ತ ಮೂವತ್ತೆರಡು ಊರಿಗೆ
ನಾನೇ ದನದ ಆಸ್ಪತ್ರೆಯ ಬುಲೆಟ್ಟು.
ಹಿಂದೆ ಕಟ್ಟಿದ ನೈಟ್ರೋಜನ್ ಕ್ಯಾನು
ಹಳ್ಳ ಇಳಿದಾಗೆಲ್ಲ ಬಿಳಿ ಹೊಗೆ ಉಗುಳುತ್ತಿತ್ತು,
ಮಕ್ಕಳು ಓಡಿಬಂದು ಕೂಗುತ್ತಿದ್ದವು:
'ಹೋರಿ ಬಂತು, ಹೋರಿ ಬಂತು!'
ಜರ್ಸಿ, ಹಾಲ್‌ಸ್ಟೀನ್, ಕೇಳಿದವರಿಗೆ ಬರಗೂರು,
ನೂರು ಹೋರಿಗಳ ವಂಶ
ಹುಲ್ಲುಕಡ್ಡಿಯಷ್ಟು ಕೊಳವೆಗಳಲ್ಲಿ.
'ಊರಿಗೆಲ್ಲ ಕರು' ಅನ್ನುತ್ತಿದ್ದಳು ನನ್ನ ಹೆಂಡತಿ.
ಮುಂದಿನ ಮಾತು ಅನ್ನುತ್ತಿರಲಿಲ್ಲ.

ಬಿದ್ದದ್ದು ದಿಂಬಂ ಘಟ್ಟದಲ್ಲಿ.
ಮೇಲಿಂದ ಎಣಿಸಿದರೆ ಒಂಬತ್ತನೆಯ ತಿರುವು,
ಕೆಳಗಿಂದ ಎಣಿಸುವ ಬೋರ್ಡಿನಲ್ಲಿ ಹತ್ತೊಂಬತ್ತು.
ತಮಿಳಿನಲ್ಲಿ ಅದಕ್ಕೆ ಕೊಂಡೈ ಊಸಿ,
ತುರುಬಿನ ಸೂಜಿ.
ಕಡವೆಯೊಂದು ಅಡ್ಡ ನೆಗೆಯಿತು ಅಂತ ಎಲ್ಲರಿಗೂ ಹೇಳಿದೆ.
ಕಡವೆ ಇರಲಿಲ್ಲ.
ಗೇರು ಇಳಿಸುವುದು ಒಂದು ಉಸಿರು ತಡವಾಯಿತು, ಅಷ್ಟೆ.
ಕ್ಯಾನಿನ ಮುಚ್ಚಳ ಹಾರಿ
ಡಾಂಬರಿನ ಮೇಲೆ ಮಂಜು ಹರಿಯಿತು,
ಹುಟ್ಟದ ಕರುಗಳೆಲ್ಲ ಬೆಟ್ಟ ಇಳಿದು ಹೋದವು.
ನಾನು ನನ್ನ ಬಲಗಾಲು ಹುಡುಕುತ್ತಿದ್ದೆ.

ಈರೋಡಿನ ಡಾಕ್ಟರು ಕಬ್ಬಿಣದ ಪಟ್ಟಿ ಕೂರಿಸಿದರು.
ಕಾಲು ಸರಿಯಾಯಿತು.
ಬುಲೆಟ್ಟನ್ನು ಸತ್ಯಮಂಗಲದ ಮಲ್ಲಿಗೆ ವ್ಯಾಪಾರಿಗೆ ಕೊಟ್ಟು
ಕಾಲಾಗಲ್ಲ ಅಂದೆ, ಮೇಜಿನ ಕೆಲಸ ಬೇಡಿ ಪಡೆದೆ.
ಬಸ್ಸಿನಲ್ಲಿ ಘಟ್ಟ ಇಳಿಯುವಾಗ
ಆ ತಿರುವು ಬಂದ ಕೂಡಲೆ
ಕಿಸೆಯ ಚಿಲ್ಲರೆ ಎಣಿಸುತ್ತಿದ್ದೆ.

ಸೋಮವಾರ ಸ್ಟಾರ್ಟ್ ಮಾಡಿ ಪಕ್ಕದಲ್ಲಿ ನಿಂತೆ.
ಕಿಕ್ಕರಿಲ್ಲ, ಒಂದು ಗುಂಡಿ ಒತ್ತಿದರೆ ಮುಗಿಯಿತು;
ಸ್ವಲ್ಪ ಅವಮಾನವಾಯಿತು.
ಮಂಗಳವಾರ ತಿಪ್ಪೆಯವರೆಗೆ.
ಅಲ್ಲಿ ಗೊತ್ತಾದದ್ದು:
ಈ ಗಾಡಿಗೆ ಗೇರು ಎಡಕ್ಕೆ, ಬ್ರೇಕು ಬಲಕ್ಕೆ.
ನನ್ನ ಬುಲೆಟ್ಟಿಗೆ ತದ್ವಿರುದ್ಧ.
ಬಲಗಾಲಿಗೆ ಇದನ್ನು ಯಾರು ಹೇಳಬೇಕು?
ಬ್ರೇಕು ಅಂದುಕೊಂಡು ಗೇರು ಅದುಮಿ
ತಿಪ್ಪೆಗೇ ನುಗ್ಗಿದೆ.
ಗೋಡೆಯಾಚೆಯಿಂದ ನೋಡಿದ ರಾಚಮ್ಮ
ಏನೂ ಅನ್ನದೆ ಒಂದು ತಂಬಿಗೆ ನೀರಿಟ್ಟು ಹೋದಳು.

ಗುರುವಾರ ಡೈರಿ. ಶನಿವಾರ ಕಾಡಿನ ಚೆಕ್‌ಪೋಸ್ಟು.
ಭಾನುವಾರ ಯಾರಿಗೂ ಹೇಳಲಿಲ್ಲ.

ತಲಮಲೆ ದಾರಿ. ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿತ್ತು.
ಹೆಲ್ಮೆಟ್ಟಿನೊಳಗೆ ನೀಲಳ ತಲೆಯೆಣ್ಣೆಯ ವಾಸನೆ.
ಮೂವತ್ತು, ಮೂವತ್ತೈದು,
ನಲವತ್ತು ಮುಟ್ಟಿದಾಗ ಬಾಯಿಗೆ ಗಾಳಿ ಹೊಕ್ಕು
ಕಟ್ಟಿಸಿದ ಹಲ್ಲು ತಣ್ಣಗಾಯಿತು.

ದಿಂಬಂನಲ್ಲಿ ಟೀ ಕುಡಿಯಲಿಲ್ಲ,
ಕುಡಿದಿದ್ದರೆ ಹಿಂದಕ್ಕೆ ಬರುತ್ತಿದ್ದೆ.
ಇಪ್ಪತ್ತೇಳು. ಇಪ್ಪತ್ತಾರು.
ಕಾಲುಗಳಿಗೆ ಹೇಳುತ್ತ ಇಳಿದೆ:
'ಎಡ ಕನಾ, ಎಡ. ನೀನ್ ಸುಮ್ನಿರು, ನೀನು ಬ್ರೇಕು.'
ಬೆದರಿದ ಕಡಸಿಗೆ ಹೇಳುತ್ತಿದ್ದ ಅದೇ ದನಿ.

ಹತ್ತೊಂಬತ್ತರಲ್ಲಿ ಹಳೆಯ ಕಾಲು ಮಾತು ಕೇಳಲಿಲ್ಲ.
ಗೇರಿಗೆಂದು ತುಳಿದದ್ದು ಬ್ರೇಕು,
ಗಾಡಿ ತಿರುವಿನ ನಡುವೆ ಗಕ್ಕನೆ ನಿಂತಿತು.
ಹಿಂದೆ ಕೋಸಿನ ಲಾರಿ ಉಸ್ಸೆಂದಿತು,
ಡ್ರೈವರು ಕತ್ತು ಹೊರಗೆ ಹಾಕಿ
ತಮಿಳಿನಲ್ಲಿ ನನ್ನ ತಾಯಿಯನ್ನು,
ನರೆತ ಮೀಸೆ ಕಂಡ ಮೇಲೆ ಕನ್ನಡದಲ್ಲಿ ನನ್ನನ್ನು ಬೈದ.
ಎರಡೂ ಅರ್ಥವಾಯಿತು.
ಬೀಳಲಿಲ್ಲ.
ಎರಡು ಕಾಲೂ ನೆಲಕ್ಕೂರಿ ನಿಂತಿದ್ದೆ.
ಹೊಸದಾಗಿ ನೆಟ್ಟ ಉಬ್ಬುಗನ್ನಡಿಯಲ್ಲಿ
ಲಾರಿ, ಬೆಟ್ಟ, ಒಂದು ಮೀಸೆ, ಎಲ್ಲ ಅಂಗೈಯಷ್ಟು.
ಕಡವೆ ಅದರಲ್ಲೂ ಇರಲಿಲ್ಲ.

ಕೆಳಗೆ ಇನ್ನೂ ಹದಿನೆಂಟಿದ್ದವು.
ಲಾರಿಗೆ ದಾರಿ ಬಿಟ್ಟು ಗಾಡಿ ತಿರುಗಿಸಿದೆ.

'ಬ್ಯಾಟರಿ ಹೆಂಗದೆ ಮಾವ?'
ನೀಲ ಮೀಟರು ನೋಡಿಯೇ ಕೇಳಿದಳು.
'ಅದೆ' ಅಂದೆ.
ರಾತ್ರಿ ಕಂಬಳಿಯೊಳಗೆ ಕಬ್ಬಿಣದ ಪಟ್ಟಿ ನೋಯುತ್ತಿತ್ತು.
ನಿದ್ದೆ ಹತ್ತುವಾಗ ಕಾಲೊಂದು
ತಾನೇ ಗೇರು ಹುಡುಕಿತು,
ಎಡಗಾಲು.